ರಾಕ್ ವಾದ್ಯಗೋಷ್ಠಿಯೂ ಸರ್ಕಾರಿ ಕಾಲೇಜೂ

ಕಾಲೇಜಿನ ವಾರ್ಷಿಕೋತ್ಸವದ ಸಂಜೆ ಗಿಟಾರು, ಡ್ರಮ್ ಸೆಟ್ಟುಗಳು ವೇದಿಕೆಯೇರಿದೊಡನೆ ಸಭೆಯಲ್ಲಿ ಎರಡು ಪಕ್ಷಗಳಾಗುವುದು ವಾಡಿಕೆ. ಹಿಂದಿನ ಸಾಲಿನ ವಿದ್ಯಾರ್ಥಿಗಳು ಎದ್ದು ನಿಂತು ಕೇಕೆ ಹಾಕುತ್ತಾರೆ. ಮುಂದಿನ ಸಾಲಿನ ಹಿರಿಯರು ಕಿವಿ ಮುಚ್ಚಿಕೊಳ್ಳುತ್ತಾರೆ. ಆದರೆ ಆ ವಾದ್ಯಗಳ ಸ್ವರೂಪವೇನು, ಕೆಲಸವೇನು ಎಂದು ವಿಚಾರಿಸುವವರು ಎರಡು ಪಕ್ಷಗಳಲ್ಲಿಯೂ ವಿರಳ. ಅದನ್ನು ವಿಚಾರಿಸಿ ನೋಡಿದರೆ, ಇಂಥ ಸಲಕರಣೆಗಳ ಒಂದು ಸೆಟ್ಟನ್ನು ಸರ್ಕಾರಿ ಕಾಲೇಜು ಪುಸ್ತಕಭಂಡಾರದಂತೆ ತಾನೇ ಇಟ್ಟುಕೊಳ್ಳಬೇಕೆಂಬ ನನ್ನ ಅಭಿಪ್ರಾಯ ಅತಿರೇಕವೆನಿಸಲಾರದು.

ರಾಕ್ ಗೋಷ್ಠಿಯ ಮೂಲಸಾಮಗ್ರಿ ಇಷ್ಟು: ಒಂದೆರಡು ವಿದ್ಯುತ್ ಗಿಟಾರು, ಒಂದು ಬೇಸ್ ಗಿಟಾರು, ಒಂದು ಡ್ರಮ್ ಸೆಟ್ಟು, ಹಾಡುವವರಿಗೆ ಮೈಕು, ಕೆಲವೆಡೆ ಒಂದು ಕೀಬೋರ್ಡು. ವೀಣೆಗೆ ಕೊಡವಿದೆ, ಅದರ ಟೊಳ್ಳಿನಲ್ಲಿ ನಾದ ತುಂಬಿಕೊಳ್ಳುತ್ತದೆ. ವಿದ್ಯುತ್ ಗಿಟಾರಿನ ಒಡಲಾದರೋ ಸಾಮಾನ್ಯವಾಗಿ ಗಟ್ಟಿಮರ. ವಿದ್ಯುತ್ತಿಲ್ಲದೆ ಮೀಟಿದರೆ ನಾಲ್ಕು ಮಾರು ದೂರದವರಿಗೂ ಸರಿಯಾಗಿ ಕೇಳಿಸದು. ಅದರ ತಂತಿಗಳ ಅಡಿಯಲ್ಲಿ ಅಯಸ್ಕಾಂತವೂ ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸುರುಳಿಯೂ ಇರುತ್ತವೆ. ಇದಕ್ಕೆ ಪಿಕಪ್ ಎಂದು ಹೆಸರು. ಮೇಲಿನ ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ಅತ್ಯಲ್ಪ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಹೆಚ್ಚಿಸಿ ಸ್ಪೀಕರಿನ ಮೂಲಕ ಧ್ವನಿಯಾಗಿಸುವುದು ಆಂಪ್ಲಿಫೈಯರು. ಆದ್ದರಿಂದ ಆಂಪ್ಲಿಫೈಯರು ಗಿಟಾರಿಗೆ ತೊಡಿಸಿದ ಆಭರಣವಲ್ಲ, ಆ ವಾದ್ಯದ ಅರ್ಧ ಶರೀರವೇ ಸರಿ.

ನಾಲ್ಕು ತಂತಿಗಳ ಬೇಸ್ ಗಿಟಾರು ತಗ್ಗು ಸ್ವರಗಳನ್ನು ನುಡಿಸುತ್ತ, ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮಿನೊಡನೆ ಕೂಡಿ ಹಾಡಿಗೆ ತಳಹದಿ ಹಾಕುತ್ತದೆ. ಎಲ್ಲರ ಧ್ವನಿಯನ್ನೂ ಹದವರಿತು ಬೆರೆಸುವುದು ಮಿಕ್ಸರು. ವಾದಕರ ಕಡೆಗೇ ಮುಖ ಮಾಡಿದ ಮಾನಿಟರ್ ಸ್ಪೀಕರುಗಳು ಇಲ್ಲವಾದರೆ ಹಾಡುಗಾರನಿಗೆ ತನ್ನ ದನಿಯೇ ಕೇಳಿಸದೆ ಶ್ರುತಿ ತಪ್ಪುತ್ತದೆ. ಸ್ಪೀಕರಿನಿಂದ ಹೊರಟ ಧ್ವನಿಯನ್ನು ಮೈಕು ಮತ್ತೆ ಹಿಡಿದುಕೊಂಡಾಗ ಹುಟ್ಟುವ ಕೂಗು ಯಾರಿಗೆ ತಿಳಿಯದು? ನಮ್ಮ ಸಭೆಗಳಲ್ಲಿ ಎಷ್ಟೋ ಸ್ವಾಗತಭಾಷಣಗಳು ಅದರಿಂದಲೇ ಪ್ರಾರಂಭವಾಗುತ್ತವೆ! ಹಿರಿಯರು ಕಿವಿ ಮುಚ್ಚಿಕೊಳ್ಳುವುದಕ್ಕೆ ಅನೇಕ ವೇಳೆ ಕಾರಣ ಸಂಗೀತವಲ್ಲ, ಸಲಕರಣೆಯ ಬಳಕೆ ತಿಳಿಯದಿರುವುದು.

ಇವು ಪರದೇಶದ ವಾದ್ಯಗಳು, ನಮಗೇಕೆ ಎಂಬುದು ಮೊದಲನೆಯ ಆಕ್ಷೇಪ. ಈ ಮಾತನ್ನು ಮೈಸೂರಿನಲ್ಲಿ ನಿಂತು ಆಡುವುದು ಕಷ್ಟ. ಪಿಟೀಲು ಎಲ್ಲಿಂದ ಬಂತು? ಯೂರೋಪಿನ ಆ ವಾದ್ಯಕ್ಕೆ ನಮ್ಮ ಟಿ. ಚೌಡಯ್ಯನವರು (1895–1967) ಇನ್ನೂ ಮೂರು ತಂತಿಗಳನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ನುಡಿಸಿದರು. ದೊಡ್ಡ ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಬೇಕೆಂಬುದೇ ಅವರ ಉದ್ದೇಶ. ಆಂಪ್ಲಿಫೈಯರಿನ ಉದ್ದೇಶವೂ ಇದೇ ಅಲ್ಲವೆ? ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯಗಳ ಬ್ಯಾಂಡೂ ಇತ್ತು. ಅಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮನಸೋತ ಕದ್ರಿ ಗೋಪಾಲನಾಥರು (1949–2019) ವರ್ಷಗಟ್ಟಲೆ ಸಾಧನೆ ಮಾಡಿ ಅದರಲ್ಲಿ ಕರ್ನಾಟಕ ಸಂಗೀತವನ್ನೇ ನುಡಿಸಿದರು. ಇನ್ನು, ಈ ಊರಿನಲ್ಲಿ ಬೆಳೆದ ರಘು ದೀಕ್ಷಿತರು 2008ರ ತಮ್ಮ ಧ್ವನಿಮುದ್ರಿಕೆಯಲ್ಲಿ ಶಿಶುನಾಳ ಶರೀಫರ ಪದಗಳನ್ನು ಗಿಟಾರು ಡ್ರಮ್ಮುಗಳೊಡನೆ ಹಾಡಿ ದೇಶವಿದೇಶಗಳಿಗೆ ಮುಟ್ಟಿಸಿದರು. ವಾದ್ಯಕ್ಕೆ ಹುಟ್ಟೂರಿರಬಹುದು, ಅದರಲ್ಲಿ ಏನನ್ನು ನುಡಿಸಬೇಕೆಂಬುದು ನುಡಿಸುವವನಿಗೆ ಸೇರಿದ್ದು.

ನಿಜವಾದ ತೊಡಕು ಬೇರೆಯದು. ಕೂಲಿ ಮಾಡುವವರ ಮಗನಾಗಲಿ, ಹಾಸ್ಟೆಲಿನಲ್ಲಿರುವ ಹಳ್ಳಿಯ ಹುಡುಗಿಯಾಗಲಿ ಹೇಗೋ ಹಣ ಕೂಡಿಸಿ ಒಂದು ಸಾಧಾರಣ ಗಿಟಾರನ್ನು ಕೊಂಡಾರು. ಡ್ರಮ್ ಸೆಟ್ಟು, ಆಂಪ್ಲಿಫೈಯರು, ಮಿಕ್ಸರುಗಳನ್ನು ಕೊಳ್ಳುವುದು ಹೇಗೆ? ಕೊಂಡರೂ ಕುವೆಂಪುನಗರದ ಬಾಡಿಗೆ ಕೋಣೆಯಲ್ಲಿ ಬಾರಿಸುವುದೆಲ್ಲಿ? ಹೀಗಾಗಿ ಉತ್ಸವದ ದಿನ ಬಾಡಿಗೆಗೆ ತರುವುದು, ಸಂಜೆಗೆ ಹಿಂದಿರುಗಿಸುವುದು. ಮೇಜು ಬಡಿದು ತಾಳ ಕಲಿತ ಹುಡುಗ ಡ್ರಮ್ ಸೆಟ್ಟನ್ನು ಮೊದಲ ಬಾರಿಗೆ ಮುಟ್ಟುವುದು ಸಾವಿರ ಜನರೆದುರಿಗೆ. ಅವನು ತಪ್ಪಿದರೆ ನಾವು ನಗುತ್ತೇವೆ. ಕ್ರಿಕೆಟ್ಟಿನ ಬ್ಯಾಟು, ಪ್ಯಾಡುಗಳನ್ನು ಕಾಲೇಜುಗಳು ಒದಗಿಸುತ್ತವೆ; ಅದು ವಿಲಾಯಿತಿಯ ಆಟವೆಂದು ಯಾರೂ ತಕರಾರು ತೆಗೆದಂತಿಲ್ಲ. ಆಟಕ್ಕೆ ಸಲ್ಲುವ ನ್ಯಾಯ ಸಂಗೀತಕ್ಕೇಕೆ ಸಲ್ಲಬಾರದು?

ಶಬ್ದದ ಆಕ್ಷೇಪವನ್ನು ಮಾತ್ರ ನಾನು ಹಗುರವಾಗಿ ಕಾಣಲಾರೆ. ಸುತ್ತಲೂ ಮನೆಗಳಿವೆ, ವೃದ್ಧರೂ ಪರೀಕ್ಷೆಗೆ ಓದುವ ಮಕ್ಕಳೂ ಇದ್ದಾರೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬೆಲ್ಲಿನ ಮಿತಿಯನ್ನು ವಿಧಿಸಿವೆ. ಬಾಗಿಲು ಮುಚ್ಚಿದ ಒಳಕೋಣೆಯಲ್ಲಿ, ಗೊತ್ತಾದ ವೇಳೆಯಲ್ಲಿ, ಧ್ವನಿಯನ್ನು ತಗ್ಗಿಸಿ ಅಭ್ಯಾಸ ಮಾಡುವುದೇ ಇದಕ್ಕೆ ಪರಿಹಾರ. ವಿದ್ಯುತ್ತಿನ ಎಚ್ಚರವೂ ಬೇಕು. 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿ ನಗರದಲ್ಲಿ ಲೆಸ್ ಹಾರ್ವೆ ಎಂಬ ಗಿಟಾರ್ ವಾದಕರು ಅರ್ಥಿಂಗ್ ಸರಿಯಿಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ಪ್ರಾಣ ಬಿಟ್ಟರು. ಅವಸರದಲ್ಲಿ ತಂತಿ ಸಿಕ್ಕಿಸಿ ಮುಗಿಸುವ ಒಂದು ದಿನದ ಬಾಡಿಗೆ ಏರ್ಪಾಡಿಗಿಂತ, ವರ್ಷವಿಡೀ ಪರಿಚಯವಿರುವ ಸ್ವಂತ ಸಲಕರಣೆ ಹೆಚ್ಚು ಕ್ಷೇಮವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕೇಳುವುದು ಹೆಚ್ಚೇನೂ ಅಲ್ಲ: ಒಂದು ಕೋಣೆ, ಒಂದು ಸಾಧಾರಣ ಸೆಟ್ಟು, ಕೊಟ್ಟು ಪಡೆದದ್ದನ್ನು ಬರೆದಿಡುವ ಒಂದು ರಿಜಿಸ್ಟರು, ಮೇಲ್ವಿಚಾರಣೆಗೆ ಸಂಗೀತದಲ್ಲಿ ಆಸಕ್ತಿಯುಳ್ಳ ಒಬ್ಬ ಅಧ್ಯಾಪಕರು. ಅದೇ ಮೈಕು, ಮಿಕ್ಸರುಗಳು ಭಾವಗೀತೆಗೂ ನಾಟಕಕ್ಕೂ ಜಾನಪದ ತಂಡಕ್ಕೂ ಒದಗುತ್ತವೆ. ಒಂದೇ ವರ್ಷದಲ್ಲಿ ಎಲ್ಲವೂ ಆಗಬೇಕೆಂದಿಲ್ಲ. ಮೊದಲು ಡ್ರಮ್ ಸೆಟ್ಟೂ ಒಂದು ಆಂಪ್ಲಿಫೈಯರೂ ಬಂದರೆ ಸಾಕು. ಬರುವ ವರ್ಷದ ವಿದ್ಯಾರ್ಥಿಸಂಘವು ತನ್ನ ಆಯವ್ಯಯದ ಪಟ್ಟಿಯಲ್ಲಿ ಬಾಡಿಗೆಯ ಬಾಬನ್ನು ಹೊಡೆದುಹಾಕಿ, ಆ ಸ್ಥಳದಲ್ಲಿ ಖರೀದಿಯ ಬಾಬನ್ನು ಬರೆಯಲಿ.