ಕರಿ ಹುಲ್ಲೆ ಮುದಿಯಲ್ಲ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಸೀಮೆಯಲ್ಲಿ ಕಡಲೆಕಾಯಿ ಬಲಿಯುವ ಹೊತ್ತಿಗೆ ಒಂದು ವಾದವೂ ಬಲಿಯುತ್ತದೆ. ಹೊಲಕ್ಕೆ ಬೀಳುವ ಕೃಷ್ಣಮೃಗಗಳಲ್ಲಿ ಮುದಿ ಗಂಡುಗಳನ್ನು ಆರಿಸಿ ಹೊಡೆಯುವುದಕ್ಕೆ ಸರ್ಕಾರ ಅಪ್ಪಣೆ ಕೊಟ್ಟರೆ ರೈತನ ಬೆಳೆಯೂ ಉಳಿಯುತ್ತದೆ, ಹಿಂಡಿಗೂ ನಷ್ಟವಿಲ್ಲ, ಹೇಗೂ ಇಂದೋ ನಾಳೆಯೋ ಸಾಯುವ ಪ್ರಾಣಿ ತಾನೆ ಎಂಬುದು ಆ ವಾದ. ಇದನ್ನು ಹೇಳುವವರು ಹೊಲದ ಬದುವಿನ ಮೇಲೆ ಕುಳಿತು ಕಾಯುವ ರೈತರಲ್ಲ. ಅವರಿಗೆ ಮುದಿಯದು, ಎಳೆಯದು ಎಂಬ ಭೇದ ಬೇಕಾಗಿಲ್ಲ. ಬೆಳೆ ಉಳಿದರೆ ಸಾಕು. ಹೇಳುವವರು ಪಟ್ಟಣದಲ್ಲಿ ಮನೆ, ಊರಿನಲ್ಲಿ ಜಮೀನು ಇಟ್ಟುಕೊಂಡ ನಮ್ಮಂಥ ವಿದ್ಯಾವಂತರು. ಪರದೇಶದ ಷಿಕಾರಿಗಳು ನಡೆದಾಡುವ ಮೃಗವನ್ನು ದೂರದಿಂದಲೇ ನೋಡಿ ವಯಸ್ಸು ಹೇಳಬಲ್ಲರೆಂದು ಓದಿ, ಆ ವಿದ್ಯೆ ತಮಗೂ ಬಂದುಬಿಟ್ಟಿತೆಂದು ನಂಬಿದವರು.

ಆ ವಿದ್ಯೆ ಸುಳ್ಳೆಂದು ನಾನು ಹೇಳುವುದಿಲ್ಲ. ಅಮೆರಿಕದ ನುರಿತ ಬೇಟೆಗಾರ ಬಿಳಿಬಾಲದ ಜಿಂಕೆಯನ್ನು ದುರ್ಬೀನಿನಲ್ಲಿ ನೋಡುವಾಗ ಕೊಂಬನ್ನು ಕೊನೆಗೆ ನೋಡುತ್ತಾನೆ. ಕತ್ತು ಎದೆಗೆ ಎಲ್ಲಿ ಸೇರುತ್ತದೆ, ಬೆನ್ನು ನೆಟ್ಟಗಿದೆಯೋ ಜಗ್ಗಿದೆಯೋ, ಹೊಟ್ಟೆ ಜೋತಿದೆಯೋ, ಮೈಗೆ ಹೋಲಿಸಿದರೆ ಕಾಲು ಉದ್ದವಾಗಿ ಕಾಣುತ್ತದೆಯೋ ಗಿಡ್ಡವಾಗಿಯೋ ಎಂಬುದನ್ನು ಅವನು ಮೊದಲು ಲೆಕ್ಕ ಹಾಕುತ್ತಾನೆ. ನೀಳಗಾಲಿನ, ತೆಳುಸೊಂಟದ ಪ್ರಾಣಿ ಎಳೆಯದು. ಕತ್ತು, ಎದೆ, ಹೊಟ್ಟೆ ಎಲ್ಲ ಒಂದೇ ಆಗಿ ಕೂಡಿಕೊಂಡದ್ದು ವಯಸ್ಸಾದದ್ದು. ಹೊಡೆದ ಮೇಲೆ ದವಡೆ ಬಿಡಿಸಿ, ಹಲ್ಲಿನ ಸವೆತ ನೋಡಿ, ಕಣ್ಣು ಹೇಳಿದ ಲೆಕ್ಕ ಸರಿಯೋ ತಪ್ಪೋ ಎಂದು ತಾಳೆ ನೋಡುತ್ತಾನೆ. ಸಾವಿರಾರು ದವಡೆಗಳ ಮೇಲೆ ಕಲಿತ ಕಣ್ಣು ಅದು. ಇಷ್ಟು ಕಲಿತ ಮೇಲೂ ನಡುವಯಸ್ಸು ದಾಟಿದ ಪ್ರಾಣಿಯ ವಿಷಯದಲ್ಲಿ ಒಂದೆರಡು ವರ್ಷ ಹೆಚ್ಚುಕಡಿಮೆಯಾಗುವುದುಂಟು. ನಿಜವಾದ ವಯಸ್ಸು ತಿಳಿಯುವುದು ಪ್ರಾಣಿ ಸತ್ತ ಮೇಲೆ!

ನಮ್ಮ ವಾದಿಗಳು ಈ ವಿದ್ಯೆಯನ್ನು ಹಾಗೆಯೇ ಎತ್ತಿ ಮಧುಗಿರಿಯ ಬಯಲಿಗೆ ತಂದಿಡುತ್ತಾರೆ. ಕನ್ನಡ ಪಾಠ ಹೇಳುವವನಾಗಿ ಇಲ್ಲಿ ಒಂದು ತಕರಾರು ನನ್ನದೂ ಇದೆ. ಹುಲ್ಲೆ, ಎರಳೆ, ಚಿಗರಿ, ಕಡವೆ, ಕೊಂಡುಕುರಿ ಎಂದು ಬಗೆಬಗೆಯ ಹೆಸರುಗಳಿದ್ದ ಭಾಷೆಯಲ್ಲಿ ಈಗ ಕೊಂಬು ಹೊತ್ತು ಓಡುವುದೆಲ್ಲ ಜಿಂಕೆ. ಹೆಸರು ಒಂದಾದರೆ ಪ್ರಾಣಿಯೂ ಒಂದೇ ಎಂಬ ಭ್ರಮೆ ಹುಟ್ಟುತ್ತದೆ. ಬಿಳಿಬಾಲದ ಜಿಂಕೆಗೂ ನಮ್ಮ ಚುಕ್ಕೆ ಜಿಂಕೆಗೂ ಇರುವುದು ಕವಲುಗೊಂಬು. ಅದು ಬಿದ್ದುಹೋಗಿ ಮತ್ತೆ ಚಿಗುರುತ್ತದೆ. ಕೃಷ್ಣಮೃಗ ದನ, ಕುರಿ, ಮೇಕೆಗಳ ಕುಲಕ್ಕೆ ಸೇರಿದ್ದು. ಅದರ ತಿರುಚುಗೊಂಬಿಗೆ ಕವಲಿಲ್ಲ. ಒಮ್ಮೆ ಬಂದದ್ದು ಸಾಯುವ ತನಕ ಉದುರುವುದೂ ಇಲ್ಲ. ಒಂದರ ಮೇಲೆ ಕಲಿತ ಕಣ್ಣನ್ನು ಇನ್ನೊಂದರ ಮೇಲೆ ಹಾಯಿಸುವುದು ಮಾವಿನ ಮರ ನೋಡಿ ತೆಂಗಿನ ವಯಸ್ಸು ಹೇಳಿದಂತೆ.

ಎಳವೆಯನ್ನು ಗುರುತಿಸುವುದು ಕಷ್ಟವಲ್ಲ. ಗಂಡುಮರಿಗೂ ಹೆಣ್ಣಿಗೂ ಬಣ್ಣ ಒಂದೇ, ಒಣಹುಲ್ಲಿನ ಕಂದು. ಮೊದಲ ವರ್ಷ ಮೂಡುವ ಕೊಂಬು ಬಹುಮಟ್ಟಿಗೆ ನೆಟ್ಟಗಿರುತ್ತದೆ. ಆಮೇಲೆ ಒಂದು ಸುತ್ತು, ಮತ್ತೊಂದು ಸುತ್ತು. ಸುಮಾರು ಮೂರನೆಯ ವರ್ಷಕ್ಕೆ ಮೈ ಕಪ್ಪಾಗತೊಡಗುತ್ತದೆ. ಇಲ್ಲಿಯವರೆಗೆ ದನ ಕಾಯುವ ಹುಡುಗನೂ ತಪ್ಪದೆ ಹೇಳಬಲ್ಲ. ತೊಡಕು ಇರುವುದು ಇದರಿಂದಾಚೆಗೆ. ನಮ್ಮ ವಾದಿಗಳ ಪ್ರಕಾರ ಅತಿ ಕಪ್ಪಾದದ್ದು ಅತಿ ಮುದಿ. ಆದರೆ ಕಪ್ಪು ಮುಪ್ಪಿನ ಬಣ್ಣವಲ್ಲ, ಯೌವನದ ಬಣ್ಣ. ಬೆದೆಗಾಲ ಹತ್ತಿರವಾದಂತೆ ಗಂಡು ಇನ್ನಷ್ಟು ಕಪ್ಪೇರುತ್ತದೆ. ಹಳೆಯ ಕೂದಲು ಉದುರಿದಾಗ ಅದೇ ಪ್ರಾಣಿ ಮಾಸಿದಂತೆ ಕಾಣುತ್ತದೆ. ಹಾಗಾದರೆ ಒಂದೇ ಹುಲ್ಲೆ ಒಂದು ತಿಂಗಳು ಮುದುಕ, ಇನ್ನೊಂದು ತಿಂಗಳು ಹುಡುಗನೇ? ಕೊಂಬಿನ ಸುತ್ತುಗಳೂ ಎಣಿಸಿದಷ್ಟು ವರ್ಷವಲ್ಲ. ಬೆಳೆದ ಗಂಡಿಗೆ ಮೂರೋ ನಾಲ್ಕೋ ಸುತ್ತು ಬಂದ ಮೇಲೆ ಐದು ವರ್ಷದ್ದನ್ನೂ ಎಂಟು ವರ್ಷದ್ದನ್ನೂ ಬರಿಗಣ್ಣಿನಲ್ಲಿ ಬೇರ್ಪಡಿಸುವುದು ಹುಡುಗಾಟವಲ್ಲ.

ಒಂಟಿಯಾಗಿ ನಿಂತ ಕರಿ ಗಂಡನ್ನು ತೋರಿಸಿ, ಅದು ಹಿಂಡಿನಿಂದ ಹೊರಬಿದ್ದ ಮುದಿಯ ಎನ್ನುವುದು ಇನ್ನೊಂದು ಅಪಪಾಠ. ಅನೇಕ ವೇಳೆ ಅದು ತನ್ನ ಎಲ್ಲೆ ಕಟ್ಟಿಕೊಂಡು ನಿಂತ ಯಜಮಾನ. ಒಂದೇ ಜಾಗದಲ್ಲಿ ಹಿಕ್ಕೆಯ ಗುಡ್ಡೆ ಹಾಕಿ, ಕಣ್ಣಿನ ಬಳಿಯ ಗ್ರಂಥಿಯನ್ನು ಕಡ್ಡಿಗೆ ಉಜ್ಜಿ, ಇದು ನನ್ನ ನೆಲ ಎಂದು ಸಾರಿಕೊಂಡು, ಮೂತಿ ಮೇಲೆತ್ತಿ ಹೆಣ್ಣುಗಳಿಗಾಗಿ ಕಾಯುತ್ತಿರುತ್ತದೆ. ಅದನ್ನು ಹೊಡೆದರೆ ಕೆಡವಿದ್ದು ಬಳಲಿದ ಪ್ರಾಣಿಯನ್ನಲ್ಲ, ಮುಂದಿನ ಮರಿಗಳ ತಂದೆಯನ್ನು. ಬೆಳೆಯಾದರೂ ಉಳಿಯಿತೇ? ಹಿಂಡುಹಿಂಡಾಗಿ ಹೊಲಕ್ಕೆ ಬೀಳುವುದು ಹೆಚ್ಚಾಗಿ ಹೆಣ್ಣು, ಮರಿ ಮತ್ತು ಎಳೆಯ ಗಂಡುಗಳು. ಒಂದು ಕರಿ ಹುಲ್ಲೆ ಸತ್ತಿತೆಂದು ಅವು ಕಡಲೆಗಿಡ ಬಿಡುವುದಿಲ್ಲ. ಸತ್ತದ್ದರಿಂದ ಲಾಭವಾಗುವುದು ಗೋಡೆಯ ಮೇಲೆ ಕೊಂಬು ತೂಗುಹಾಕುವವನಿಗೆ ಮಾತ್ರ.

ನಮ್ಮ ರೈತರಿಗೆ ಪ್ರಾಣಿಯ ವಯಸ್ಸು ನೋಡುವ ವಿದ್ಯೆ ಹೊಸದೇನಲ್ಲ. ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿಯ ಮುಂದೆ ನಿಂತವನು ಮೊದಲು ಬಾಯಿ ಬಿಡಿಸುತ್ತಾನೆ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು – ಆಮೇಲೆ ತಾನೆ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಕ್ರಯ ಮಾತಾಡುವುದು. ಕೈಗೆ ಸಿಕ್ಕುವ ಎತ್ತಿನ ವಯಸ್ಸನ್ನೇ ಬಾಯಿ ನೋಡದೆ ಒಪ್ಪದ ಜನರ ನಡುವೆ ನಿಂತು, ಇನ್ನೂರು ಗಜ ದೂರದಲ್ಲಿ ನೆಗೆಯುವ ಹುಲ್ಲೆಯ ವಯಸ್ಸನ್ನು ಬಣ್ಣ ನೋಡಿ ಹೇಳುತ್ತೇನೆಂಬ ಧೈರ್ಯಕ್ಕೆ ಏನೆನ್ನಬೇಕು?

ಬೇಟೆಯಿಂದ ಮೃಗಗಳ ಮನಸ್ಸು ತಿಳಿಯುತ್ತದೆ ಎಂಬುದು ಹಳೆಯ ಸಮರ್ಥನೆಯೇ. ಕಾಳಿದಾಸನ ಶಾಕುಂತಲದಲ್ಲಿ ಸೇನಾಪತಿ ದುಷ್ಯಂತನ ಮುಂದೆ ಅದನ್ನೇ ಹೇಳುತ್ತಾನೆ. ಬಸವಪ್ಪ ಶಾಸ್ತ್ರಿಗಳ ಕನ್ನಡದಲ್ಲಿ ಆ ನಾಟಕ ಓದಿದವರಿಗೆ ಗೊತ್ತು, ಆ ಮಾತು ರಾಜನನ್ನು ಮೆಚ್ಚಿಸುವುದಕ್ಕೆ ಆಡಿದ್ದು. ನನಗೆ ಹೆಚ್ಚು ಕಾಡುವುದು ಭಾರತದ ಪಾಂಡುವಿನ ಕಥೆ. ಅವನು ಬಾಣ ಬಿಟ್ಟದ್ದು ಕೂಡುತ್ತಿದ್ದ ಜೋಡಿಯ ಮೇಲೆ. ಬಿದ್ದದ್ದು ಮೃಗರೂಪದ ಕಿಂದಮ ಮುನಿ. ಮುನಿ ಆಕ್ಷೇಪಿಸಿದ್ದು ಬೇಟೆಯನ್ನಲ್ಲ, ಹೊಡೆದ ಹೊತ್ತನ್ನು. ಗುರಿಯಲ್ಲಿ ತಪ್ಪದವನು ನೋಟದಲ್ಲಿ ತಪ್ಪಿದ.

ಇಷ್ಟು ಬರೆದೆನೆಂದು ಅಹಿಂಸೆಯ ಉಪನ್ಯಾಸಕಾರರು ನನ್ನನ್ನು ತಮ್ಮ ಪಕ್ಷಕ್ಕೆ ಸೇರಿಸಿಕೊಳ್ಳುವುದು ಬೇಡ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಯಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಿತವಾಯಿತು. ಅದರ ವಿಸ್ತೀರ್ಣ ಕೇವಲ 798 ಎಕರೆ. ಅದರಲ್ಲೂ ಹುಲ್ಲಿನ ನಡುವೆ ನೀಲಗಿರಿ. ಪ್ರಾಣಿಗಳಿಗೆ ಮೀಸಲಿನ ಗಡಿಯೂ ತಿಳಿಯದು, ಆಂಧ್ರದ ಗಡಿಯೂ ತಿಳಿಯದು. ಅವು ಮೇಯುವುದು ಸುತ್ತಲಿನವರ ರಾಗಿಯನ್ನು, ಹುರುಳಿಯನ್ನು. ಭಾನುವಾರ ಕಾರಿನಲ್ಲಿ ಬಂದು ಚಿತ್ರ ತೆಗೆದುಕೊಂಡು ಹೋಗುವವರು ಆ ನಷ್ಟದಲ್ಲಿ ಒಂದು ಕಾಸನ್ನೂ ಹೊರುವುದಿಲ್ಲ. ಪರಿಹಾರ ಸಕಾಲದಲ್ಲಿ, ಪೂರ್ತಿಯಾಗಿ ರೈತನ ಕೈ ಸೇರಬೇಕೆಂದು ಗದ್ದಲ ಮಾಡುವುದು ಅವರ ಕೆಲಸ. ಅದನ್ನು ಅವರು ಮಾಡುತ್ತಿಲ್ಲ.

ಕಾನೂನಿನ ಮಾತು ಚಿಕ್ಕದು. 1972ರ ಕಾಯಿದೆ ಕೃಷ್ಣಮೃಗವನ್ನು ಮೊದಲನೆಯ ಅನುಸೂಚಿಯಲ್ಲಿಟ್ಟಿದೆ. ಕೊಂದವನಿಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆ. ಬೆಳೆ ತಿಂದಿತೆಂಬ ಕಾರಣಕ್ಕೆ ಹೊಡೆಯಲು ಅಪ್ಪಣೆಯಿಲ್ಲ. ಮುದಿಯಾಯಿತೆಂಬ ಕಾರಣಕ್ಕೂ ಇಲ್ಲ. ಕಾಯಿದೆ ತಿದ್ದಿಸೋಣ ಎನ್ನುವವರು ಬಿಹಾರವನ್ನು ನೆನೆಯಲಿ. 2015ರ ಕೊನೆಯಲ್ಲಿ ಅಲ್ಲಿ ನೀಲಗಾಯಿಯನ್ನು ಉಪದ್ರವಿ ಪ್ರಾಣಿಯೆಂದು ಸಾರಲಾಯಿತು. 2016ರಲ್ಲಿ ಮೊಕಾಮದ ಬಯಲಿನಲ್ಲಿ ಕೆಲವೇ ದಿನಗಳಲ್ಲಿ ಇನ್ನೂರಕ್ಕೂ ಹೆಚ್ಚು ಪ್ರಾಣಿಗಳು ಉರುಳಿದವು. ಆ ಭರಾಟೆಯಲ್ಲಿ ಯಾವುದು ಮುದಿ, ಯಾವುದು ಎಳೆಯದು ಎಂದು ನಿಂತು ನೋಡಲು ಯಾರಿಗೆ ಪುರುಸೊತ್ತು? ನಮ್ಮ ಸಿವಂಗಿಯ ಗತಿಯೂ ನೆನಪಿರಲಿ. ಕೃಷ್ಣಮೃಗದ ಬೇಟೆಗೆ ಅರಸರು ಸಾಕಿದ್ದ ಅದು ದೇಶದಿಂದಲೇ ಅಳಿಯಿತೆಂದು 1952ರಲ್ಲಿ ಒಪ್ಪಿಕೊಳ್ಳಬೇಕಾಯಿತು. ವನ್ಯಜೀವಿಗಳ ರಕ್ಷಣೆಗೆಂದು ಭಾರತೀಯ ಮಂಡಲಿಯ ಮೊದಲ ಸಭೆ ಮೈಸೂರಿನಲ್ಲಿ ಸೇರಿದ್ದೂ ಅದೇ ವರ್ಷ.

ವಯಸ್ಸು ಗುರುತಿಸುವ ಕಣ್ಣು ಖಂಡಿತವಾಗಿ ಬೇಕು. ಹಿಂಡಿನಲ್ಲಿ ನೂರು ಹೆಣ್ಣಿಗೆ ಎಷ್ಟು ಮರಿ, ಎಷ್ಟು ಕಂದು ಗಂಡು, ಎಷ್ಟು ಕರಿ ಗಂಡು ಎಂದು ವರ್ಷವರ್ಷವೂ ಬರೆದಿಟ್ಟರೆ ಹಿಂಡು ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುತ್ತದೆ, ಯಾವ ಊರಿನ ಹೊಲಕ್ಕೆ ಯಾವಾಗ ಕಾವಲು ಬೇಕೆಂಬುದೂ ತಿಳಿಯುತ್ತದೆ. ಸುತ್ತಲ ಹಳ್ಳಿಗಳ ಶಾಲೆಯ ಮಕ್ಕಳು ಒಂದು ಹಳೆಯ ದುರ್ಬೀನು, ಒಂದು ನೋಟುಬುಕ್ಕು ಹಿಡಿದು ಮಾಡಬಹುದಾದ ಕೆಲಸ ಇದು. ಕೋವಿಯ ಅಪ್ಪಣೆ ಕೇಳುವ ಮಹನೀಯರು ಒಂದು ಮುಂಜಾನೆ ಆ ಮಕ್ಕಳ ಜೊತೆ ಬಯಲಿಗೆ ಬರಲಿ. ಹತ್ತು ಕರಿ ಗಂಡುಗಳನ್ನು ನೋಡಿ, ಇಬ್ಬಿಬ್ಬರು ಬೇರೆಬೇರೆ ಕುಳಿತು, ಒಂದೊಂದರ ವಯಸ್ಸನ್ನೂ ಚೀಟಿಯಲ್ಲಿ ಬರೆಯಲಿ. ಎರಡು ಚೀಟಿಗಳು ಹೊಂದಿಕೊಂಡರೆ ಮುಂದಿನ ಮಾತು ಆಡೋಣ.