ಪರಿಸರ ಸಂಶೋಧನೆಗೆ ಒಂದು ಕೆರೆ

ಪರಿಸರ ಮತ್ತು ಸಮಾಜವನ್ನು ಕುರಿತು ಸ್ವತಂತ್ರವಾಗಿ ಸಂಪ್ರಬಂಧ ರಚಿಸಲು ಹೊರಡುವ ಸಾಹಿತ್ಯ ವಿದ್ಯಾರ್ಥಿ ಬಹುಮಟ್ಟಿಗೆ ‘ಕನ್ನಡ ಕಾವ್ಯದಲ್ಲಿ ಪ್ರಕೃತಿ’ ಎಂಬಂತಹ ವಿಷಯವನ್ನೇ ಆರಿಸಿಕೊಳ್ಳುತ್ತಾನೆ. ಅಲ್ಲಿ ವರ್ಣನೆಗಳ ಪಟ್ಟಿ ಬೆಳೆಯುತ್ತದೆಯೇ ಹೊರತು ಪ್ರಶ್ನೆ ಬೆಳೆಯುವುದಿಲ್ಲ. ಅದಕ್ಕಿಂತ ಒಂದೇ ಒಂದು ಕೆರೆಯನ್ನು ಹಿಡಿದು ಕೂರುವುದು ಲೇಸು.

ಕೆರೆಗೆ ಆಕರಗಳ ಬಡತನವಿಲ್ಲ. 1886ರಲ್ಲಿ ಬಿ. ಎಲ್. ರೈಸ್ ಆರಂಭಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳನ್ನು ತೆರೆದರೆ ಕೆರೆ ಕಟ್ಟಿಸಿದ, ಒಡೆದ ಏರಿಯನ್ನು ದುರಸ್ತಿ ಮಾಡಿಸಿದ ಶಾಸನಗಳು ಹೇರಳವಾಗಿ ದೊರೆಯುತ್ತವೆ. ಬಿಟ್ಟುವಟ್ಟ, ಕಟ್ಟುಕೊಡಗೆ ಎಂಬ ಪಾರಿಭಾಷಿಕ ಪದಗಳೇ ನೀರಿಗೂ ಭೂಮಿಗೂ ಅಧಿಕಾರಕ್ಕೂ ಇದ್ದ ನಂಟನ್ನು ಸೂಚಿಸುತ್ತವೆ. ಇಂದಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಮೊದಲನೆಯ ಬುಕ್ಕನ ಮಗ ಭಾಸ್ಕರನು ಹಾಕಿಸಿದ 1369ರ ಸಂಸ್ಕೃತ ಶಾಸನವಂತೂ ಒಂದು ಕಿರುಶಾಸ್ತ್ರವೇ ಸರಿ. ಉತ್ತಮ ಕೆರೆಗೆ ಬೇಕಾದ 12 ಅಂಗಗಳನ್ನೂ ತಪ್ಪಿಸಬೇಕಾದ 6 ದೋಷಗಳನ್ನೂ ಅದು ಹೇಳುತ್ತದೆ. ಏರಿಯ ಸೋರಿಕೆ, ಚೌಳು ಮಣ್ಣು ಇವುಗಳ ಜೊತೆಗೆ, ಕೆರೆಯು ಎರಡು ರಾಜ್ಯಗಳ ಗಡಿಯಲ್ಲಿರುವುದೂ ಒಂದು ದೋಷ! ಮಣ್ಣಿನ ಗುಣವನ್ನೂ ರಾಜಕೀಯವನ್ನೂ ಒಂದೇ ಪಟ್ಟಿಯಲ್ಲಿಟ್ಟ ಈ ದೃಷ್ಟಿ, ಪರಿಸರ ಬೇರೆ ಸಮಾಜ ಬೇರೆ ಎಂದು ಅಧ್ಯಾಯಗಳನ್ನು ವಿಂಗಡಿಸುವವರಿಗೆ ಪಾಠವಾಗಬೇಕು. ಕೆಲಸಕ್ಕೆ ನಿತ್ಯ 1000 ಆಳುಗಳು, 100 ಬಂಡಿಗಳು, 2 ವರ್ಷ ಎಂದೂ ಅದರಲ್ಲಿದೆ.

ಆ ಸಾವಿರ ಜನರ ಹೆಸರುಗಳಿಲ್ಲ. ಶಾಸನವು ದಾನಿಯ ಮಾತು. ಅದನ್ನೇ ಸಮಾಜದ ಮಾತೆಂದು ಬಗೆಯುವುದು ನಮ್ಮ ಸಂಶೋಧನೆಯ ಹಳೆಯ ಚಾಳಿ. ‘ಕೆರೆಗೆ ಹಾರ’ ಎಂಬ ಜನಪದ ಕಥನಗೀತೆಯು ಮತ್ತೊಂದು ಲೆಕ್ಕವನ್ನು ಮುಂದಿಡುತ್ತದೆ: ಮಲ್ಲನಗೌಡನ ಕೆರೆಗೆ ನೀರು ಬಾರದಾದಾಗ ಬಲಿಯಾಗುವವಳು ಕಿರಿಯ ಸೊಸೆ ಭಾಗೀರತಿ. ಇದನ್ನು ನಡೆದ ಘಟನೆಯ ವರದಿ ಎಂದು ಓದಬೇಕಿಲ್ಲ. ಹಾಗೆ ಓದಿ ದಾರಿ ತಪ್ಪಿದವರೂ ಉಂಟು. ಆದರೆ ನೀರಿನ ಬೆಲೆಯನ್ನು ಮನೆಯೊಳಗೆ ಯಾರು ತೆರುತ್ತಾರೆ ಎಂಬ ಪ್ರಶ್ನೆಯನ್ನು ಯಾವ ದಾನಶಾಸನವೂ ಇಷ್ಟು ನೇರವಾಗಿ ಎತ್ತುವುದಿಲ್ಲ. ಶಾಸನವನ್ನೂ ಗೀತೆಯನ್ನೂ ಎದುರುಬದುರು ಇಟ್ಟು ಓದುವ ತರಬೇತಿ ಸಾಹಿತ್ಯದ ವಿದ್ಯಾರ್ಥಿಗಿದೆ. ಜಲವಿಜ್ಞಾನಿಯಿಂದ ಅದನ್ನು ನಿರೀಕ್ಷಿಸುವಂತಿಲ್ಲ.

ಉಳಿದದ್ದು ಕ್ಷೇತ್ರಕಾರ್ಯ. ಕಂದಾಯ ನಕ್ಷೆಯನ್ನು ಹಿಡಿದು ಏರಿಯ ಮೇಲೆ ನಡೆಯಬೇಕು. ತೂಬು, ಕೋಡಿ, ಕಾಲುವೆಗಳನ್ನು ಗುರುತಿಸಬೇಕು. ಗದ್ದೆಗಳಿಗೆ ನೀರು ಹಂಚುತ್ತಿದ್ದ ನೀರುಗಂಟಿಯ ಮನೆತನ ಊರಿನಲ್ಲಿ ಉಳಿದಿದ್ದರೆ, ಸಿದ್ಧಾಂತದ ಅಧ್ಯಾಯವನ್ನು ಬರೆಯುವುದಕ್ಕೆ ಮುನ್ನ ಅವರೊಡನೆ ಮಾತನಾಡಬೇಕು.