ಅರಿಶಿನ ಪುಡಿಯಲ್ಲಿ ಗಾಜಿನ ಚೂರು? ಫಾರ್ವರ್ಡ್ ಮಾಡುವ ಮೊದಲು ಬ್ಯಾಚ್ ನಂಬರ್ ಕೇಳಿ

“ಈ ಕಂಪನಿಯ ಅರಿಶಿನ ಪುಡಿಯಲ್ಲಿ ಗಾಜಿನ ಚೂರು ಸಿಕ್ಕಿದೆ. ಮನೆಯಲ್ಲಿದ್ದರೆ ಈಗಲೇ ಎಸೆಯಿರಿ, ಎಲ್ಲರಿಗೂ ಕಳಿಸಿ.” ಇಂಥ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇವೆಲ್ಲ ಸುಳ್ಳು ಎಂದು ನಾವು ಹೇಳುವುದಿಲ್ಲ. ಆಹಾರದಲ್ಲಿ ಕಲ್ಲು, ಲೋಹ, ಗಾಜು ಸೇರುವುದು ಇದ್ದೇ ಇದೆ. ಆದರೆ ಇಂಥ ಸಂದೇಶಗಳಲ್ಲಿ ಮುಖ್ಯವಾದ ವಿವರವೇ ಇರುವುದಿಲ್ಲ: ಬ್ಯಾಚ್ ನಂಬರ್.

ಬೇಡದ ವಸ್ತು ಎಲ್ಲಿ ಸೇರುತ್ತದೆ?

ಚಾಮರಾಜನಗರ, ಗುಂಡ್ಲುಪೇಟೆ ಕಡೆ ಬೆಳೆಯುವ ಅರಿಶಿನವನ್ನೇ ನೋಡಿ. ಕಿತ್ತ ಅರಿಶಿನವನ್ನು ಬೇಯಿಸಿ, ಬಯಲಿನಲ್ಲಿ ಹಲವು ದಿನ ಒಣಗಿಸಿ, ಪಾಲಿಶ್ ಮಾಡಿ ಮಾರುತ್ತಾರೆ. ಒಣಗಿಸುವಾಗ ಮಣ್ಣು, ಕಲ್ಲು, ಚೀಲದ ದಾರ ಸೇರಬಹುದು. ಪುಡಿ ಮಾಡುವಾಗ ಯಂತ್ರ ಸವೆದು ಕಬ್ಬಿಣದ ಚೂರು ಬೀಳಬಹುದು. ಜರಡಿ, ಅಯಸ್ಕಾಂತ, ಲೋಹ ಪತ್ತೆ ಯಂತ್ರಗಳನ್ನು ಬಳಸುವುದು ಇದಕ್ಕಾಗಿಯೇ. ನಮ್ಮ ದೇಶದ ನಿಯಮದಂತೆ ಅರಿಶಿನ ಕೊಂಬಿನಲ್ಲಿ ಬೇಡದ ವಸ್ತು ತೂಕದ ಶೇ 1ನ್ನು ಮೀರಬಾರದು.

ಹಳದಿ ಹೊಳೆಯಲೆಂದು ಕೆಲವರು ಬೆರೆಸುವ ಲೆಡ್ ಕ್ರೋಮೇಟ್ ಮಾತ್ರ ಸ್ವಲ್ಪವೂ ಇರುವಂತಿಲ್ಲ. ಅದರಲ್ಲಿರುವ ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ.

ರೀಕಾಲ್ ಅಂದರೆ ಏನು?

ಮಾರಾಟಕ್ಕೆ ಹೋದ ಸರಕನ್ನು ಅಂಗಡಿಗಳಿಂದ, ಗ್ರಾಹಕರಿಂದ ವಾಪಸ್ ತರಿಸುವುದೇ ರೀಕಾಲ್. 2006ರ ಆಹಾರ ಸುರಕ್ಷತೆ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ, ತಾನು ತಯಾರಿಸಿದ ಅಥವಾ ಹಂಚಿದ ಆಹಾರ ನಿಯಮ ಮೀರಿದೆ ಎಂದು ಅನ್ನಿಸಿದ ಕೂಡಲೇ ಕಂಪನಿ ಅದನ್ನು ಹಿಂಪಡೆಯಬೇಕು, ಅಧಿಕಾರಿಗಳಿಗೆ ತಿಳಿಸಬೇಕು. ಇದರ ವಿಧಾನವನ್ನು 2017ರ ನಿಯಮಗಳು ವಿವರಿಸುತ್ತವೆ.

ಒಂದೇ ಒಂದು ಪದಾರ್ಥ ಕೆಟ್ಟರೆ ಏನಾಗಬಹುದು ಎಂಬುದಕ್ಕೆ 2023ರಲ್ಲಿ ಅಮೆರಿಕದಲ್ಲಿ ನಡೆದದ್ದು ಉದಾಹರಣೆ. ಮಕ್ಕಳು ತಿನ್ನುವ ಸೇಬಿನ ಪ್ಯೂರಿ ಪೊಟ್ಟಣಗಳಲ್ಲಿ ಸೀಸ ಸಿಕ್ಕಿತು. ಹುಡುಕುತ್ತಾ ಹೋದರೆ ತಪ್ಪು ಸೇಬಿನದಲ್ಲ, ಅದಕ್ಕೆ ಹಾಕಿದ್ದ ಚಕ್ಕೆ ಪುಡಿಯದು. ಅದೇ ಚಕ್ಕೆ ಬಳಸಿದ್ದ ಬೇರೆ ಬ್ರ್ಯಾಂಡ್‌ಗಳ ಪೊಟ್ಟಣಗಳನ್ನೂ ವಾಪಸ್ ಪಡೆದರು. ಯಾವ ಪದಾರ್ಥ ಎಲ್ಲಿಂದ ಬಂದು ಎಲ್ಲಿಗೆ ಹೋಯಿತು ಎಂಬ ದಾಖಲೆ ಇದ್ದುದರಿಂದ ಇದು ಸಾಧ್ಯವಾಯಿತು.

ರೀಕಾಲ್ ತಲುಪದ ಜಾಗ

ಸಂತೆಯಲ್ಲಿ ಬಿಡಿಯಾಗಿ ತೂಗಿ ಕೊಡುವ ಪುಡಿಗೆ ಬ್ಯಾಚ್ ಇಲ್ಲ, ಬಿಲ್ ಇಲ್ಲ. ತೊಂದರೆ ಗೊತ್ತಾದರೂ ಯಾರ ಮನೆಯಿಂದ ವಾಪಸ್ ತರಿಸುವುದು? ಬೇಯಿಸಿ ಬಡಿಸಿದ ಊಟವಂತೂ ಹೊಟ್ಟೆ ಸೇರಿದ ಮೇಲೆ ಮುಗಿಯಿತು. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಕೀಟನಾಶಕ ಬೆರೆತ ಪ್ರಸಾದ ತಿಂದು 17 ಮಂದಿ ಸತ್ತರು, ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು. ಅದು ಆಕಸ್ಮಿಕವಲ್ಲ, ಬೇಕೆಂದೇ ಬೆರೆಸಿದ್ದು ಎಂದು ಪೊಲೀಸರು ಹೇಳಿದರು. ಇಂಥ ಕಡೆ ತಡೆಯುವುದೊಂದೇ ದಾರಿ. ವಾಸನೆ, ರುಚಿ ಬೇರೆ ಅನ್ನಿಸಿದರೆ ಪ್ರಸಾದವಾದರೂ ಸರಿ, ತಿನ್ನಬೇಡಿ. ಬಡಿಸುವವರಿಗೂ ಹೇಳಿ ನಿಲ್ಲಿಸಿ.

ನೀವು ಏನು ಮಾಡಬಹುದು?

• ಪೊಟ್ಟಣದಲ್ಲಿ ಏನಾದರೂ ಸಿಕ್ಕರೆ ಎಸೆಯಬೇಡಿ. ಸಿಕ್ಕ ವಸ್ತು, ಉಳಿದ ಪುಡಿ, ಕವರ್, ಬಿಲ್ ಎಲ್ಲವನ್ನೂ ತೆಗೆದಿಡಿ. ಬ್ಯಾಚ್ ನಂಬರ್, ತಯಾರಿಕೆ ದಿನಾಂಕ, 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್ ಕಾಣುವಂತೆ ಫೋಟೊ ತೆಗೆಯಿರಿ.

• ಎಫ್‌ಎಸ್‌ಎಸ್‌ಎಐ ಸಹಾಯವಾಣಿ 1800112100ಕ್ಕೆ ಅಥವಾ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ.

• ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಗ್ರಾಹಕರೇ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು. ತಪ್ಪು ಸಾಬೀತಾದರೆ ಶುಲ್ಕ ವಾಪಸ್ ಸಿಗುತ್ತದೆ.

• ಲೋಟದ ನೀರಿಗೆ ಅರಿಶಿನ ಹಾಕಿ ನೋಡುವ ಪರೀಕ್ಷೆ ಕೃತಕ ಬಣ್ಣದ ಸುಳಿವು ಕೊಡಬಹುದು. ಸೀಸ ಇಲ್ಲ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಅದಕ್ಕೆ ಪ್ರಯೋಗಾಲಯವೇ ಬೇಕು.

ಬ್ಯಾಚ್ ನಂಬರ್ ಇಲ್ಲದ ಫಾರ್ವರ್ಡ್‌ನಿಂದ ಒಳ್ಳೆಯ ಸರಕೂ ಕಸದ ಬುಟ್ಟಿ ಸೇರುತ್ತದೆ, ಬೆಳೆದವರಿಗೂ ಪೆಟ್ಟು ಬೀಳುತ್ತದೆ, ಕೆಟ್ಟ ಪೊಟ್ಟಣ ಮಾತ್ರ ಯಾವುದೋ ಅಡುಗೆಮನೆಯಲ್ಲಿ ಉಳಿದುಬಿಡುತ್ತದೆ. ಬ್ಯಾಚ್ ನಂಬರ್ ಸಮೇತ ಕೊಟ್ಟ ಒಂದು ದೂರಿನಿಂದ ಆ ಪೊಟ್ಟಣವನ್ನು ಹುಡುಕಬಹುದು. ಮುಂದಿನ ಸಲ ಇಂಥ ಸಂದೇಶ ಬಂದರೆ, ಕಳಿಸಿದವರನ್ನು ಇಷ್ಟೇ ಕೇಳಿ: “ಯಾವ ಬ್ಯಾಚ್?”